ಎಡೆದೊರೆ ನಾಡಿನ ಹಗೇವು ಮತ್ತು ಅಂಗಡಿ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಡೆಯ ಹಳೆಯ ಊರುಗಳಲ್ಲಿ ಹೊಸ ಮನೆಗೆ ಪಾಯ ತೆಗೆಯುವವರ ಗುದ್ದಲಿಗೆ ಒಮ್ಮೊಮ್ಮೆ ಒಂದು ಪೊಳ್ಳು ಸಿಕ್ಕುವುದುಂಟು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಇಕ್ಕಟ್ಟು. ಒಳಗೆ ಹೊಟ್ಟೆ ಮಾತ್ರ ದೊಡ್ಡ ಗಡಿಗೆಯಂತೆ ಉಬ್ಬಿರುತ್ತದೆ. ನಿಧಿ ಸಿಕ್ಕಿತೆಂದು ಹುಡುಗರು ಓಡಿ ಬರುತ್ತಾರೆ. ಮುದುಕರು ಮಾತ್ರ ನೋಡಿದೊಡನೆಯೆ "ಹಗೇವು" ಎಂದು ಹೇಳಿ ಸುಮ್ಮನಾಗುತ್ತಾರೆ. ಹುಡುಗರ ಊಹೆ ತೀರ ತಪ್ಪೇನೂ ಅಲ್ಲ. ಈ ಸೀಮೆಯಲ್ಲಿ ಜೋಳಕ್ಕಿಂತ ಹೆಚ್ಚಿನ ನಿಧಿಯನ್ನು ನೆಲದಲ್ಲಿ ಹೂತಿಟ್ಟವರು ಕಡಮೆ.

ಗಟ್ಟಿ ನೆಲವನ್ನು ಆರಿಸಿ ಗುಂಡಿಯನ್ನು ತೋಡುವುದು, ಒಳಗೋಡೆಗೂ ತಳಕ್ಕೂ ಒಣಹುಲ್ಲನ್ನು ದಪ್ಪವಾಗಿ ಒತ್ತುವುದು, ಸುಗ್ಗಿಯ ಜೋಳವನ್ನು ಚೆನ್ನಾಗಿ ಒಣಗಿಸಿ ಸುರಿಯುವುದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು - ಇಷ್ಟೇ ಇದರ ಶಾಸ್ತ್ರ. ಹೀಗೆ ಮುಚ್ಚಿದ ಕಾಳು ಒಳಗೆ ತಾನೇ ಉಸಿರಾಡಿ ಪ್ರಾಣವಾಯುವನ್ನು ತೀರಿಸಿಬಿಡುತ್ತದೆ; ಉಳಿದ ಕೆಟ್ಟ ಗಾಳಿಯಲ್ಲಿ ಹುಳು ಬದುಕದು. ಆದಕಾರಣ ಜೋಳ ಎರಡು ಮೂರು ವರ್ಷ, ನೆಲ ಒಳ್ಳೆಯದಾದರೆ ಇನ್ನೂ ಹೆಚ್ಚು ಕಾಲ, ಕೆಡದೆ ನಿಲ್ಲುತ್ತದೆ. ಗೋಡೆಯ ಬದಿಯದು ಮಾತ್ರ ಬಣ್ಣಗೆಟ್ಟು ಒಂದು ಬಗೆಯ ಮುಗ್ಗು ವಾಸನೆ ಹಿಡಿಯುತ್ತದೆ. ಬಾಯಿ ತೆರೆದ ಕೂಡಲೆ ಒಳಗಿಳಿದವನು ಮೇಲೆ ಬರುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಒಂದು ಹೊತ್ತು ಹಾಗೆಯೆ ತೆರೆದಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಆಳು ಇಳಿಯಬೇಕು.

ಈ ಹಗೇವಿನ ವರ್ಣನೆಯನ್ನು ಇಷ್ಟು ವಿಸ್ತಾರವಾಗಿ ಮಾಡಿದುದಕ್ಕೆ ಕಾರಣವಿದೆ. ಕಾಳನ್ನು ಕೂಡಿಡುವುದೆಂದರೆ ಇಂದು ನಮ್ಮ ಮನಸ್ಸಿಗೆ ಬರುವ ಚಿತ್ರ ಕಾಳಸಂತೆಯ ವರ್ತಕನದು: ಸರಕು ಕಡಮೆಯಾಗುವ ಸುಳಿವು ಸಿಕ್ಕೊಡನೆ ಇದ್ದಬದ್ದುದನ್ನೆಲ್ಲ ಕೊಂಡು ಒಳಕೋಣೆಯಲ್ಲಿ ಒಟ್ಟಿ, ಅಂಗಡಿಯ ಮುಂದೆ "ಮಾಲು ಇಲ್ಲ" ಎಂದು ಹೇಳಿ, ಸಂಜೆ ಹಿತ್ತಿಲ ಬಾಗಿಲಿನಲ್ಲಿ ಒಂದಕ್ಕೆ ಎರಡು ಎಣಿಸಿಕೊಳ್ಳುವವನು. ಕೂಡಿಡುವ ಕೆಲಸ ಮೊದಲು ಅವನದಾಗಿರಲಿಲ್ಲ. ಮಳೆಯನ್ನು ನಂಬಲಾರದ ನಾಡಿನಲ್ಲಿ ಅದು ರೈತನ ಕೆಲಸ, ಮಠದ ಕೆಲಸ, ಊರ ಗೌಡನ ಕೆಲಸ. ಅದು ಅಂಗಡಿಯವನ ಕೈಗೆ ಹೇಗೆ ಹೋಯಿತೆಂಬುದೇ ಈ ಪ್ರಬಂಧದ ವಿಷಯ.

ಕೃಷ್ಣೆ ತುಂಗಭದ್ರೆಗಳ ನಡುವಣ ಈ ನೆಲಕ್ಕೆ ಶಾಸನಗಳಲ್ಲಿ ಎಡೆದೊರೆ ಎರಡು ಸಾವಿರವೆಂದು ಹೆಸರು. ಮುಸಲ್ಮಾನ ಅರಸರ ಕಾಲದಿಂದ ದೋಆಬ್. ಎರಡು ಹೊಳೆಗಳ ನಡುವೆ ಇದ್ದೂ ನೀರಿಗೆ ಬಾಯಿಬಿಟ್ಟ ಸೀಮೆ ಇದು. ಎರೆನೆಲ, ಹಿಂಗಾರಿನ ಬಿಳಿಜೋಳ, ಹತ್ತಿ. ಉತ್ತರೆ, ಹಸ್ತ, ಚಿತ್ತೆಯ ಮಳೆಗಳು ಕೈಕೊಟ್ಟರೆ ಆ ವರ್ಷದ ಬಾಳು ಮುಗಿಯಿತು. ೧೩೯೬ರಿಂದ ಹನ್ನೆರಡು ವರ್ಷ ಕಾಡಿತೆನ್ನುವ ದುರ್ಗಾದೇವಿ ಬರ, ೧೭೯೧-೯೨ರ ಡೋಗಿ ಬರ - ಸತ್ತವರ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದುದರಿಂದ ಅದಕ್ಕೆ ಆ ಹೆಸರು - ಇವೆಲ್ಲ ದಖ್ಖನಿನ ಜನ ಕಾಲವನ್ನು ಎಣಿಸುತ್ತಿದ್ದ ಗುರುತುಕಲ್ಲುಗಳು.

ಅಭಾವದಲ್ಲಿ ಬೆಲೆಯೇರಿಸುವವರ ಮೇಲೆ ರಾಜರ ಕಣ್ಣು ಬಿದ್ದುದೂ ಹೊಸತೇನಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡುಹಿಡಿದನು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಸಂಶಯವಿಲ್ಲದಂತೆ ತಿಳಿದುಬಂದದ್ದು ಅದರಿಂದ. ಆ ಶಾಸನದಲ್ಲಿ ಅಂಗಡಿಯ ಮಾತಿಲ್ಲ. ಆದರೆ ಮೌರ್ಯರೊಡನೆ ಹೆಸರು ಸೇರಿಸಿಕೊಂಡಿರುವ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ವಿಚಾರ ಖಚಿತವಾಗಿದೆ: ಸ್ವದೇಶದ ಸರಕಿಗೆ ನೂರಕ್ಕೆ ಐದು, ಹೊರದೇಶದ್ದಕ್ಕೆ ಹತ್ತು ಲಾಭ, ವರ್ತಕರು ಒಟ್ಟುಗೂಡಿ ಸರಕನ್ನು ತಡೆಹಿಡಿದು ಬೆಲೆ ಏರಿಸಿದರೆ ಸಾವಿರ ಪಣ ದಂಡ. ವರ್ತಕರು ಒಟ್ಟುಗೂಡದಿದ್ದರೆ ಅಷ್ಟು ದೊಡ್ಡ ದಂಡವನ್ನು ಬರೆದಿಡುವ ಅಗತ್ಯವೇ ಇರುತ್ತಿರಲಿಲ್ಲವಷ್ಟೆ. ದೆಹಲಿಯಲ್ಲಿ ಅಲಾವುದ್ದೀನ್ ಖಿಲ್ಜಿ ಧಾನ್ಯದ ಬೆಲೆಯನ್ನು ಗೊತ್ತುಮಾಡಿ, ಅದನ್ನು ಮೀರುವವರ ಮೇಲೆ ಗೂಢಚಾರರನ್ನು ಬಿಟ್ಟಿದ್ದ ಸಂಗತಿಯನ್ನು ಬರನಿ ಬರೆದಿದ್ದಾನೆ. ಆ ಕಟ್ಟಳೆಯ ಹಿಂದೆ ಇದ್ದುದು ಬಡವರ ಮೇಲಣ ಕನಿಕರಕ್ಕಿಂತ ಹೆಚ್ಚಾಗಿ ಸೈನ್ಯದ ಸಂಬಳದ ಲೆಕ್ಕ. ೧೫೨೦ರಲ್ಲಿ ರಾಯಚೂರಿನ ಮೇಲೆ ದಂಡೆತ್ತಿ ಬಂದ ಕೃಷ್ಣದೇವರಾಯನ ಪಾಳೆಯದಲ್ಲಿ ಬೇಕಾದುದೆಲ್ಲ ಹೇರಳವಾಗಿ ದೊರೆಯುತ್ತಿದ್ದಿತೆಂದು ಪೋರ್ಚುಗೀಸ್ ನೂನಿಜ್ ಬೆರಗಿನಿಂದ ಬರೆಯುತ್ತಾನೆ. ರಾಯನ ದಂಡು ತುಳಿದು ಹೋದ ಹಳ್ಳಿಗಳ ಅಂಗಡಿಗಳಲ್ಲಿ ಏನು ಉಳಿದಿತ್ತೆಂಬುದನ್ನು ಅವನು ಬರೆದಿಲ್ಲ.

ಇನ್ನು ಹತ್ತಿರದ ಕಾಲಕ್ಕೆ ಬರೋಣ. ೧೮೫೩ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷರಿಗೆ ಒಪ್ಪಿಸಿದನು. ೧೮೬೦ರಲ್ಲಿ ಅದು ಅವನಿಗೆ ಮರಳಿತು. ಆ ನಡುವಿನ ಕೊನೆಯ ವರ್ಷಗಳಲ್ಲಿ ಲಿಂಗಸುಗೂರಿನಲ್ಲಿ ಕುಳಿತು ಪಶ್ಚಿಮ ದೋಆಬನ್ನು ಆಳಿದವನು, ಸುರಪುರದ ಕಥೆಯಿಂದ ನಮಗೆಲ್ಲ ಪರಿಚಿತನಾದ ಮೆಡೋಸ್ ಟೇಲರ್. ಆತ ನೌಕರಿಗೆ ಸೇರಿದ ಹೊಸತರಲ್ಲಿ ನಡೆದ ಒಂದು ಪ್ರಸಂಗ ಅವನ ಆತ್ಮಕಥೆಯಲ್ಲಿದೆ. ಹಿಟ್ಟಿಗೆ ಮರಳು ಬೆರೆಸಿ ಮಾರುತ್ತಾರೆಂದು ದೂರು ಬಂದಿತು. ಆತನು ಅಂಗಡಿಗಳಿಂದ ಹಿಟ್ಟು ತರಿಸಿ ನೋಡಿ, ಅಂಗಡಿಯವರನ್ನೇ ಕರೆಸಿ, ಅವರ ಹಿಟ್ಟಿನ ರೊಟ್ಟಿಯನ್ನು ಅವರೇ ತಿನ್ನುವಂತೆ ಮಾಡಿದನಂತೆ. ದಂಡ ಕಟ್ಟುತ್ತೇವೆಂದು ಬೇಡಿಕೊಂಡರೂ ಬಿಡಲಿಲ್ಲ. ಕೇಳಿ ನಗಲು ಸೊಗಸಾದ ಕಥೆ. ಆದರೆ ಮರಳು ಹಲ್ಲಿಗೆ ಸಿಕ್ಕುತ್ತದೆ. ಬೆಲೆ ಹಾಗೆ ಸಿಕ್ಕುವುದಿಲ್ಲ.

ಬೆಲೆಯ ಹಿಡಿತ ರೈತನ ಕೈಯಿಂದ ಜಾರಿದ್ದು ಒಂದೇ ದಿನದಲ್ಲಲ್ಲ. ಸಾಲಾರ್ ಜಂಗನು ಹೈದರಾಬಾದಿನ ದಿವಾನನಾಗಿ ಕಂದಾಯದ ಪದ್ಧತಿಯನ್ನು ತಿದ್ದಿದನು. ಕಾಳಿನ ಪಾಲು ಹೋಗಿ ನಗದು ಬಂದಿತು. ಆಡಳಿತದ ದೃಷ್ಟಿಯಿಂದ ಇದು ಒಳ್ಳೆಯ ಸುಧಾರಣೆಯೆ. ಗುತ್ತಿಗೆದಾರರ ಸುಲಿಗೆ ತಪ್ಪಿತು. ಆದರೆ ಕಿಸ್ತಿನ ದಿನಕ್ಕೆ ರೂಪಾಯಿ ಕೈಯಲ್ಲಿರಬೇಕಾದರೆ ಕಣದ ಮೇಲೆಯೆ ಜೋಳವನ್ನು ಅಳೆದುಕೊಡಬೇಕು; ಸುಗ್ಗಿಯಲ್ಲಿ ಎಲ್ಲರೂ ಮಾರುವಾಗ ಬೆಲೆ ಬೀಳುತ್ತದೆ; ಆಷಾಢದಲ್ಲಿ ಎಲ್ಲರೂ ಕೊಳ್ಳುವಾಗ ಏರುತ್ತದೆ. ತಾನು ಮಾರಿದ ಜೋಳವನ್ನೇ ರೈತ ಮತ್ತೆ ಸಾಹುಕಾರನಿಂದ ತರುತ್ತಾನೆ, ಬೀಜಕ್ಕೂ ಹೊಟ್ಟೆಗೂ. ಕೊಟ್ಟುದಕ್ಕೆ ಕಾಲು ಪಾಲು ಸೇರಿಸಿ ಹಿಂದಿರುಗಿಸಿದರೆ ಸವಾಯಿ, ಅರ್ಧ ಸೇರಿಸಿದರೆ ದೀಢಿ. ಜೊತೆಗೆ ೧೮೬೧ರಿಂದ ೧೮೬೫ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಲಂಕಾಶೈರಿನ ಗಿರಣಿಗಳಿಗೆ ಹತ್ತಿ ಸಿಕ್ಕದೆ, ನಮ್ಮ ಎರೆನೆಲದ ಹತ್ತಿಗೆ ಬಂಗಾರದ ಬೆಲೆ ಬಂದಿತು. ಬೆಲೆ ಬಂದಷ್ಟೇ ಬೇಗ ಇಳಿದುಹೋಯಿತು. ಸಾಲ ಮಾತ್ರ ಉಳಿಯಿತು. ಪುಣೆಯ ಸೀಮೆಯಲ್ಲಿ ೧೮೭೫ರ ಮೇ ತಿಂಗಳಿನಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟದ್ದು ಈ ಹಿನ್ನೆಲೆಯಲ್ಲಿ. ಅವರು ಹುಡುಕಿದ್ದು ಕಾಗದವನ್ನು, ಹಣವನ್ನಲ್ಲ.

ಹೀಗೆ ರೈತನ ಹಗೇವು ಬರಿದಾಗಿ ಸಾಹುಕಾರನ ಹಗೇವು ತುಂಬಿದ್ದ ಕಾಲದಲ್ಲಿ ೧೮೭೬ರ ಮಳೆ ತಪ್ಪಿತು.

ಆ ಬರವನ್ನು ಧಾತು ಸಂವತ್ಸರದ ಬರವೆಂದು ನಮ್ಮ ಜನ ಇಂದಿಗೂ ಕರೆಯುತ್ತಾರೆ. ತುಂಗಭದ್ರೆಯ ಆಚೆ ದಡದ ಬಳ್ಳಾರಿ ಜಿಲ್ಲೆಯಲ್ಲಿ ೧೮೭೧ರ ಜನಗಣತಿಯಲ್ಲಿ ಒಂಬತ್ತು ಲಕ್ಷಕ್ಕೆ ಮೇಲಿದ್ದ ಜನ ೧೮೮೧ರ ಹೊತ್ತಿಗೆ ಏಳು ಲಕ್ಷ ಮೂವತ್ತಾರು ಸಾವಿರಕ್ಕೆ ಇಳಿದರು. ಎಂದರೆ ಐವರಲ್ಲಿ ಒಬ್ಬ. ಮೈಸೂರು ಸಂಸ್ಥಾನ ಐವತ್ತು ಲಕ್ಷದಿಂದ ನಲವತ್ತೊಂದು ಲಕ್ಷಕ್ಕೆ ಬಂದಿತು. ಈಚೆ ದಡದಲ್ಲಿ, ನಿಜಾಮರ ರಾಜ್ಯದಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಪೆಟ್ಟು ತಿಂದ ಜಿಲ್ಲೆಗಳಲ್ಲಿ ರಾಯಚೂರು, ಲಿಂಗಸುಗೂರುಗಳು ಸೇರಿದ್ದವು. ಲಿಂಗಸುಗೂರು ಆಗ ತಾನೇ ಒಂದು ಜಿಲ್ಲೆ. ೧೯೦೫ರಲ್ಲಿ ಅದು ರಾಯಚೂರಿನಲ್ಲಿ ಸೇರಿತು. ಹೈದರಾಬಾದಿನ ಬರಪರಿಹಾರದ ವರದಿಯನ್ನು ಬರೆದ ಮೌಲವಿ ಮೆಹದಿ ಅಲಿ ಮುಂದೆ ಮೊಹಸಿನ್-ಉಲ್-ಮುಲ್ಕ್ ಎಂದು ಪ್ರಸಿದ್ಧನಾದನು.

ಆ ಬರದ ವಿಚಿತ್ರವೆಂದರೆ ದೇಶದಲ್ಲಿ ಕಾಳು ಇದ್ದಿತು. ೧೮೭೧ರಲ್ಲಿಯೆ ಮುಂಬಯಿಯಿಂದ ಬಂದ ರೈಲೂ ಮದರಾಸಿನಿಂದ ಬಂದ ರೈಲೂ ರಾಯಚೂರಿನಲ್ಲಿ ಕೂಡಿದ್ದವು. ಬೇರೆ ಪ್ರಾಂತಗಳಿಂದ ಧಾನ್ಯದ ಮೂಟೆಗಳು ನಿಲ್ದಾಣಗಳಿಗೆ ಬಂದು ಬಿದ್ದವು. ನಿಲ್ದಾಣದಿಂದ ಸಿಂಧನೂರಿಗೋ ಲಿಂಗಸುಗೂರಿಗೋ ಅದು ಹೋಗಬೇಕಾದರೆ ಬಂಡಿ ಬೇಕು. ಬಂಡಿಗೆ ಎತ್ತು ಬೇಕು. ಎತ್ತಿಗೆ ಮೇವೂ ನೀರೂ ಬೇಕು. ಮೇವಿಲ್ಲದೆ ಎತ್ತುಗಳು ಮೊದಲೆ ಸತ್ತಿದ್ದವು. ನಿಲ್ದಾಣದಿಂದ ದೂರ ಹೋದಂತೆಲ್ಲ ಸೇರಿನ ಬೆಲೆ ಏರಿತು. ಇಂಥ ವೇಳೆಯಲ್ಲಿ ಕಾಳು ಕೈಯಲ್ಲಿದ್ದವನು ಮಾರದೆ ಕುಳಿತರೆ ದಿನದಿನಕ್ಕೆ ಲಾಭ. "ಗಾಳಿ ಬಂದಾಗ ತೂರಿಕೊ" ಎಂಬುದು ಕಣದ ರೈತನ ಗಾದೆ. ಅದನ್ನು ಕಲಿತು ನಡೆಸಿದವನು ಅಂಗಡಿಯವನು.

ಸರ್ಕಾರವೇನು ಮಾಡಿತು? ಮದರಾಸಿನ ಗವರ್ನರ್ ಬಕಿಂಗ್‌ಹಂ ಪ್ರಭುವು ೧೮೭೬ರ ಕೊನೆಯಲ್ಲಿ ಆರ್ಬತ್‌ನಾಟ್ ಕಂಪೆನಿಯ ಮೂಲಕ ಗುಟ್ಟಾಗಿ ಮೂವತ್ತು ಸಾವಿರ ಟನ್ನು ಧಾನ್ಯ ಕೊಂಡನು. ಕಲ್ಕತ್ತೆಯ ಸರ್ಕಾರಕ್ಕೆ ಇದು ತಿಳಿದು ಸಿಟ್ಟಾಯಿತು. ಸರ್ಕಾರವೇ ಪೇಟೆಗೆ ಇಳಿದರೆ ಖಾಸಗಿ ವರ್ತಕರು ಹಿಮ್ಮೆಟ್ಟುತ್ತಾರೆ, ಕಾಳು ಬರುವುದೇ ನಿಲ್ಲುತ್ತದೆ ಎಂಬುದು ಅದರ ವಾದ. ವೈಸರಾಯ್ ಲಿಟ್ಟನ್ ೧೮೭೭ರ ಜನವರಿ ೧ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಸಿದನು. ತಾನೇ ಬಳ್ಳಾರಿಗೆ ಬಂದು ನೋಡಿದ್ದು ಆಗಸ್ಟ್ ತಿಂಗಳಿನಲ್ಲಿ. ಅಷ್ಟರಲ್ಲಿ ಅವನ ಪ್ರತಿನಿಧಿಯಾಗಿ ಬಂದ ರಿಚರ್ಡ್ ಟೆಂಪಲ್ ಕೂಲಿಯವರ ದಿನದ ಪಡಿಯನ್ನು ಒಂದು ಪೌಂಡ್ ಧಾನ್ಯಕ್ಕೂ ಅದರ ಮೇಲೆ ಚೂರು ಕಾಸಿಗೂ ಇಳಿಸಿದ್ದನು. ಕಲ್ಲು ಒಡೆಯುವವನಿಗೆ ಅದು ಸಾಲದೆಂದು ಮದರಾಸಿನ ವೈದ್ಯಾಧಿಕಾರಿ ಕಾರ್ನಿಷ್ ವಾದಿಸಿದನು.

ಲಿಟ್ಟನ್ನನ ವಾದವನ್ನು ಕೇವಲ ಕ್ರೌರ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ಪೂರ್ಣ ನ್ಯಾಯವಲ್ಲ. ಅದರ ಬೇರು ಸರಿಯಾಗಿ ನೂರು ವರ್ಷ ಹಿಂದೆ, ೧೭೭೬ರಲ್ಲಿ, ಅಚ್ಚಾದ ಆಡಂ ಸ್ಮಿತ್ತನ ಗ್ರಂಥದಲ್ಲಿದೆ. ಧಾನ್ಯದ ವ್ಯಾಪಾರಿ ಬೆಲೆ ಏರಿಸುವುದರಿಂದ ಜನ ಮೊದಲಿನಿಂದಲೇ ಹಿಡಿತವಾಗಿ ಉಣ್ಣುತ್ತಾರೆ, ಇದ್ದ ಕಾಳು ಮುಂದಿನ ಸುಗ್ಗಿಯ ವರೆಗೆ ಎಳೆಯುತ್ತದೆ, ಹಡಗಿನ ನಾಯಕನು ದೂರದ ಪಯಣದಲ್ಲಿ ಪಡಿಯನ್ನು ಮಿತಗೊಳಿಸುವಂತೆ ಎಂದು ಆತ ವಾದಿಸಿದ್ದನು. ಮಾತಿನಲ್ಲಿ ಹುರುಳಿಲ್ಲದಿಲ್ಲ. ಹಗೇವಿನ ರೈತನು ಮಾಡುತ್ತಿದ್ದುದೂ ಇದನ್ನೇ. ಆದರೆ ಹಡಗಿನಲ್ಲಿ ಪಡಿ ಕಡಮೆಯಾದರೆ ಎಲ್ಲರಿಗೂ ಕಡಮೆಯಾಗುತ್ತದೆ. ಬೆಲೆಯಿಂದ ಪಡಿ ಕಡಮೆ ಮಾಡಿದರೆ ಹಣವಿದ್ದವನು ಎಂದಿನಂತೆ ಉಣ್ಣುತ್ತಾನೆ, ಹೊಲದ ಕೆಲಸ ನಿಂತ ಕೂಲಿಯವನಿಗೆ ಪಡಿಯೇ ಇಲ್ಲ. ಬೆಲೆ ಏರಿತೆಂದು ದೂರದ ಕಾಳು ನಡೆದು ಬರುವುದೂ ಇಲ್ಲ. ಎತ್ತು ಸತ್ತ ಊರಿಗೆ ಎಂಥ ಬೆಲೆಯೂ ಬಂಡಿಯನ್ನು ಎಳೆದು ತರಲಾರದು. ೧೮೮೦ರ ಕ್ಷಾಮ ಆಯೋಗವು ವ್ಯಾಪಾರದಲ್ಲಿ ಕೈಹಾಕಬಾರದೆಂಬ ತತ್ತ್ವವನ್ನು ಬಿಡಲಿಲ್ಲ. ಆದರೆ ಕೂಲಿ ಕೊಟ್ಟು ಕೊಳ್ಳುವ ಶಕ್ತಿ ಉಳಿಸಬೇಕೆಂಬುದನ್ನೂ ರೈಲು ಹೆಚ್ಚಿಸಬೇಕೆಂಬುದನ್ನೂ ಒಪ್ಪಿಕೊಂಡಿತು. ಅಂದ ಹಾಗೆ, ಸಿಂಧನೂರಿಗೆ ರೈಲು ಬಂದದ್ದು ೨೦೨೪ರಲ್ಲಿ.

ಜನರ ಮನಸ್ಸಿನಲ್ಲಿ ಬೇರೆಯ ಒಂದು ಶಾಸ್ತ್ರವಿದ್ದಿತು. ಅದು ೧೯೧೮ರಲ್ಲಿ ಮದರಾಸ್ ಪ್ರಾಂತದಲ್ಲಿ ಬಯಲಿಗೆ ಬಂದಿತು. ಮೊದಲ ಮಹಾಯುದ್ಧದ ಕೊನೆ, ಅಕ್ಕಿ, ಬಟ್ಟೆ, ಉಪ್ಪು, ಸೀಮೆಎಣ್ಣೆ ಎಲ್ಲಕ್ಕೂ ಬೆಲೆ ಏರಿದ್ದಿತು, ಜ್ವರವೂ ಬಂದಿದ್ದಿತು. ಗುಂಪುಗಳು ಪೇಟೆಗೆ ನುಗ್ಗಿದವು. ಅನೇಕ ಕಡೆ ಅವರು ಮೊದಲು ಕೇಳಿದ್ದು ಕೊಡುಗೆಯನ್ನಲ್ಲ, ಹಳೆಯ ಬೆಲೆಯನ್ನು. ಅದಕ್ಕೆ ಅಂಗಡಿಯವನು ಒಪ್ಪದಿದ್ದಾಗ ಲೂಟಿ. ಬೆಲೆಗೆ ಒಂದು ನ್ಯಾಯವಿದೆ, ಅದನ್ನು ಮೀರಿದವನು ಕಳ್ಳ ಎಂಬ ಈ ಭಾವನೆ ಕೌಟಿಲ್ಯನಿಗೆ ಹತ್ತಿರ, ಸ್ಮಿತ್ತನಿಗೆ ದೂರ.

ಕಾಳಸಂತೆ ಎಂಬ ಮಾತು ಮನೆಮನೆಯ ಮಾತಾದದ್ದು ಎರಡನೆಯ ಮಹಾಯುದ್ಧದಲ್ಲಿ. ೧೯೪೨ರ ಮಾರ್ಚಿಯಲ್ಲಿ ರಂಗೂನ್ ಬಿದ್ದು ಬರ್ಮದ ಅಕ್ಕಿ ನಿಂತಿತು. ೧೯೪೩ರಲ್ಲಿ ಬಂಗಾಳದಲ್ಲಿ ಸತ್ತವರು ಹದಿನೈದು ಲಕ್ಷವೆಂದು ವುಡ್‌ಹೆಡ್ ಆಯೋಗ ಎಣಿಸಿತು. ಮೂವತ್ತು ಲಕ್ಷವೆಂದು ಈಚಿನ ವಿದ್ವಾಂಸರ ಎಣಿಕೆ. ಆ ಆಯೋಗದ ವರದಿಯಲ್ಲಿ ಒಂದು ಲೆಕ್ಕವಿದೆ. ಅಭಾವದಿಂದ ವ್ಯಾಪಾರಿಗಳಿಗೆ ಬಂದ ಹೆಚ್ಚಿನ ಲಾಭ ನೂರೈವತ್ತು ಕೋಟಿ ರೂಪಾಯಿ. ಸತ್ತವರ ಸಂಖ್ಯೆಯಿಂದ ಭಾಗಿಸಿದರೆ ಒಂದೊಂದು ಸಾವಿಗೆ ಸಾವಿರ ರೂಪಾಯಿ. ಉರಿಯುವ ಮನೆಯ ಗಳ ಹಿರಿಯುವುದೆಂದು ನಾವು ಮಾತಿಗೆ ಹೇಳುತ್ತೇವೆ; ಅಲ್ಲಿ ಗಳ ಎಷ್ಟೆಂದು ಎಣಿಸಿಯೂ ಇಟ್ಟರು.

ಹೈದರಾಬಾದು ಸಂಸ್ಥಾನದ ಪ್ರಜೆಗಳಾದ ನಮ್ಮ ಎಡೆದೊರೆಯವರಿಗೆ ಬಂಗಾಳದಂಥ ವಿಪತ್ತು ಬರಲಿಲ್ಲ. ಕಂಟ್ರೋಲ್ ಬಂದಿತು, ಲೆವಿ ಬಂದಿತು. ರೈತನು ಬೆಳೆದ ಕಾಳಿನಲ್ಲಿ ಇಂತಿಷ್ಟನ್ನು ಸರ್ಕಾರದ ಬೆಲೆಗೆ ಅಳೆಯಬೇಕು. ದೊಡ್ಡವರು ಲೆಕ್ಕದಲ್ಲಿ ನುಸುಳಿಕೊಂಡರು, ಸಣ್ಣವರು ಅಳೆದರು. ತೆಲಂಗಾಣದಲ್ಲಿ ೧೯೪೬ರಿಂದ ಎದ್ದ ರೈತರ ಬಂಡಾಯಕ್ಕೆ ಈ ಲೆವಿಯೂ ಒಂದು ಕಾರಣ. ಅಂಗಡಿಯವನಿಗೆ ಇಲ್ಲಿ ಬೇರೆ ಕಡೆ ಇಲ್ಲದ ಒಂದೆರಡು ಅನುಕೂಲಗಳಿದ್ದವು. ತುಂಗಭದ್ರೆಯೇ ಗಡಿ. ಆಚೆ ದಡದಲ್ಲಿ ಕಲ್ದಾರ್ ರೂಪಾಯಿ, ಈಚೆ ಹಾಲಿ ಸಿಕ್ಕಾ. ನೂರು ಕಲ್ದಾರಿಗೆ ನೂರ ಹದಿನಾರು ಹಾಲಿ, ಹತ್ತು ಆಣೆ, ಎಂಟು ಪೈ. ಗಡಿ ದಾಟುವ ಸರಕಿಗೆ ಕರೋಡ್‌ಗಿರಿ ನಾಕೆಯಲ್ಲಿ ಸುಂಕ. ಓದು ಬಾರದ ಗಿರಾಕಿಗೆ, ಆಚೆಯಿಂದ ತಂದ ಬಟ್ಟೆಗೆ ಸುಂಕವೆಷ್ಟು, ವಟ್ಟವೆಷ್ಟು, ಲಾಭವೆಷ್ಟು ಎಂದು ಬಿಡಿಸಿ ತಿಳಿಯುವ ಬಗೆಯೇ ಇರಲಿಲ್ಲ. "ಆಚೆಯೇ ತೇಜಿ ಐತ್ರಿ" ಎಂದರೆ ಮುಗಿಯಿತು.

೧೯೪೭ರ ನವೆಂಬರಿನ ಯಥಾಸ್ಥಿತಿ ಒಪ್ಪಂದ ಮುರಿಯುತ್ತ ಬಂದು, ೧೯೪೮ರಲ್ಲಿ ಭಾರತದಿಂದ ಸಂಸ್ಥಾನಕ್ಕೆ ಸರಕಿನ ಸಾಗಣೆ ಬಿಗಿಯಾಯಿತು. ಉಪ್ಪು, ಔಷಧಿಗಳೂ ಬರುತ್ತಿಲ್ಲವೆಂದು ಹೈದರಾಬಾದು ದೂರಿತು. ಅಂಥವನ್ನು ತಡೆದಿಲ್ಲವೆಂದು ದೆಹಲಿ ಹೇಳಿತು. ಇಂಥ ಕಾಲದಲ್ಲಿ ಸರಕು ನಿಜವಾಗಿ ನಿಂತಿರಬೇಕೆಂದೇ ಇಲ್ಲ. ನಿಂತೀತೆಂಬ ಸುದ್ದಿ ಸಾಕು. ಚಿಮಣಿ ಎಣ್ಣೆಯ ಡಬ್ಬಿ ಅಟ್ಟವೇರುತ್ತದೆ. ಹಳ್ಳಿಯ ಚಿಲ್ಲರೆ ಅಂಗಡಿಯವನ ಪರವಾಗಿ ಒಂದು ಮಾತನ್ನೂ ಹೇಳಬೇಕು. ಅವನು ತಾನೇ ಪೇಟೆಯ ಸಗಟು ವ್ಯಾಪಾರಿಯ ಸಾಲಗಾರ. ಇಂದು ಹಳೆಯ ಬೆಲೆಗೆ ಮಾರಿ ನಾಳೆ ಹೊಸ ಬೆಲೆಗೆ ತರಬೇಕಾದರೆ ಅವನ ಅಂಗಡಿ ಮೂರು ಸಲಕ್ಕೆ ಬರಿದಾಗುತ್ತದೆ. ಜನರ ಕಣ್ಣಿಗೆ ಬೀಳುವವನು ಅವನೇ. ದೊಡ್ಡ ದಾಸ್ತಾನು ಇರುವುದು ಅವನ ಹಿಂದೆ, ಕಣ್ಣಿಗೆ ಬೀಳದ ಕಡೆ. ಸೆಪ್ಟೆಂಬರ್ ೧೭ರಂದು ಹೈದರಾಬಾದು ಶರಣಾಯಿತು.

ಸ್ವಾತಂತ್ರ್ಯದ ಮೇಲೆ ಕಾಯಿದೆಗಳು ಬಂದವು. ಗಾಂಧೀಜಿಯವರ ಒತ್ತಾಯದಿಂದ ೧೯೪೭ರ ಡಿಸೆಂಬರಿನಲ್ಲಿ ಕಂಟ್ರೋಲ್ ಸಡಿಲವಾಯಿತು, ಬೆಲೆ ಜಿಗಿಯಿತು, ಮರುವರ್ಷ ಕಂಟ್ರೋಲ್ ಮರಳಿತು. ೧೯೫೫ರಲ್ಲಿ ಅವಶ್ಯಕ ವಸ್ತುಗಳ ಕಾಯಿದೆ, ೧೯೮೦ರಲ್ಲಿ ಕಾಳಸಂತೆಕೋರರನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಕಾಯಿದೆ. ೧೯೭೩ರಲ್ಲಿ ಸರ್ಕಾರವು ಗೋದಿಯ ಸಗಟು ವ್ಯಾಪಾರವನ್ನೇ ಕೈಗೆ ತೆಗೆದುಕೊಂಡು, ಕಾಳು ಬಾರದೆ, ಮರುವರ್ಷ ಕೈಬಿಟ್ಟಿತು. ಆ ಬರಗಾಲದ ವರ್ಷಗಳಲ್ಲಿ ಬಿಳಿಜೋಳದ ನಾಡು ನ್ಯಾಯಬೆಲೆ ಅಂಗಡಿಯ ಮುಂದೆ ಸಾಲುಗಟ್ಟಿ ನಿಂತು ಅಮೆರಿಕದ ಕೆಂಪು ಮೈಲೋ ಜೋಳವನ್ನು ತಂದು ತಿಂದಿತು. ತಿಂದವರು ಅದರ ರೊಟ್ಟಿಯನ್ನು ಹೊಗಳಿದ್ದನ್ನು ನಾನು ಕೇಳಿಲ್ಲ.

ಕಾಯಿದೆಗಳಿಗಿಂತ ಹೆಚ್ಚಾಗಿ ಈ ಸೀಮೆಯನ್ನು ಬದಲಿಸಿದ್ದು ನೀರು. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಮುಗಿದು ಎಡದಂಡೆ ಕಾಲುವೆ ಸಿಂಧನೂರಿನ ಎರೆಯನ್ನು ಬತ್ತದ ಗದ್ದೆ ಮಾಡಿತು. ಆಂಧ್ರದ ರೈತರು ಬಂದು ನೆಲ ಕೊಂಡು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಸಿಂಧನೂರಿನ ಬಳಿ ಕ್ಯಾಂಪುಗಳಾದವು. ಅಕ್ಕಿಯ ಗಿರಣಿಗಳು ಎದ್ದವು. ಈಗ ಅಲ್ಲಿ ಹೊಟ್ಟೆಯ ಕಾಳಿಗೆ ಕಾಳಸಂತೆಯಿಲ್ಲ. ಅದು ಕಾಳಿನಿಂದ ಕಾಳನ್ನು ಬೆಳೆಸುವ ಸರಕಿಗೆ ಸರಿದಿದೆ. ಮಳೆಯನ್ನು ಕಾಯುವ ಜೋಳಕ್ಕೆ ಕೊಟ್ಟಿಗೆಯ ಗೊಬ್ಬರ ಸಾಕಾಗಿದ್ದಿತು; ಕಾಲುವೆಯ ಬತ್ತಕ್ಕೆ ಯೂರಿಯಾ ಬೇಕು, ಅದೂ ನಾಟಿಯ ಮೇಲೆ ಗೊತ್ತಾದ ದಿನಗಳಲ್ಲಿ. ವಾರ ತಡವಾದರೆ ಗೊಬ್ಬರ ಸಿಕ್ಕಿಯೂ ಪ್ರಯೋಜನವಿಲ್ಲ. ಈ ಅವಸರವೇ ಮಾರುವವನ ಬಂಡವಾಳ.

೨೦೦೮ರ ಜೂನ್ ತಿಂಗಳಿನಲ್ಲಿ ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಸೇರಿದ ರೈತರ ಮೇಲೆ ಗೋಲಿಬಾರು ನಡೆದು ಸಾವು ಸಂಭವಿಸಿತು. ೨೦೨೫ರ ಮುಂಗಾರಿನಲ್ಲಿ ರಾಜ್ಯದಲ್ಲಿ ಮತ್ತೆ ಯೂರಿಯಾ ಅಭಾವವಾಗಿ, ಬೆಳಗಾಗುವ ಮೊದಲೆ ಸೊಸೈಟಿಗಳ ಮುಂದೆ ಸಾಲುಗಳು ಬೆಳೆದವು. ನಲವತ್ತೈದು ಕಿಲೋ ಚೀಲಕ್ಕೆ ಗೊತ್ತಾದ ಬೆಲೆ ೨೬೬ ರೂಪಾಯಿ ೫೦ ಪೈಸೆ. ಚೀಲದ ಮೇಲೆಯೆ ಅದು ಅಚ್ಚಾಗಿರುತ್ತದೆ. ಅಚ್ಚಾದ ಬೆಲೆಯನ್ನು ಮೀರುವುದು ಅಪರಾಧವಾದ್ದರಿಂದ ಕೆಲವು ಅಂಗಡಿಗಳಲ್ಲಿ ಮೀರುವುದಿಲ್ಲ. ಯೂರಿಯಾ ಬೇಕಾದರೆ ಜೊತೆಗೆ ಇಂಥ ಪುಡಿಯ ಪೊಟ್ಟಣ, ಇಂಥ ಎಣ್ಣೆಯ ಸೀಸೆ ಕೊಳ್ಳಬೇಕು. ಇದಕ್ಕೆ ಲಿಂಕ್ ಎಂದು ಹೆಸರು. ರಸೀತಿ ಎರಡಕ್ಕೂ ಸಿಗುತ್ತದೆ, ಬೆಲೆ ಎರಡಕ್ಕೂ ಸರಿಯಾಗಿಯೆ ಇರುತ್ತದೆ. ಚೀಲವನ್ನು ತಲೆಯ ಮೇಲೆ ಹೊತ್ತ ರೈತ ಬೇಡದ ಸೀಸೆಯನ್ನು ಅಂಗಿಯ ಜೇಬಿಗೆ ತುರುಕಿಕೊಂಡು ಹೋಗುತ್ತಾನೆ.